ಹನ್ನೊಂದು ವರ್ಷ ಮಾತ್ರೆ ತೆಗೆದುಕೊಂಡ ಮೇಲೆ ಮುಂದೇನು?

ಹನ್ನೊಂದು ವರ್ಷದಿಂದ ಎಚ್‌ಐವಿ ಮಾತ್ರೆ ತೆಗೆದುಕೊಳ್ಳುತ್ತಾ ಸೋಮವಾರಪೇಟೆ ಕಡೆ ತೋಟದಲ್ಲಿ ದುಡಿಯುವ ಅಣ್ಣ ಇನ್ನೆಷ್ಟು ದಿನ ಇರ್ತಾರೆ ಅಂತ ಕೇಳಿದ್ದೀರಿ. ದಯವಿಟ್ಟು ದಿನ ಎಣಿಸಬೇಡಿ. ಬೇಗ ಶುರುಮಾಡಿ, ತಪ್ಪಿಸದೆ ನುಂಗಿದವರು ಹೆಚ್ಚುಕಡಿಮೆ ಎಲ್ಲರಷ್ಟೇ ಬದುಕುತ್ತಾರೆ. ನಮ್ಮ ಚಿಕ್ಕಪ್ಪ 2009ರಿಂದ ತೆಗೆದುಕೊಳ್ಳುತ್ತಿದ್ದಾರೆ. ಈಗಲೂ ಮೆಣಸು ಕೊಯ್ಯಲು ಏಣಿ ಹತ್ತುತ್ತಾರೆ.

ನನಗೆ ಭಯ ಇರುವುದು ಮಳೆಗಾಲದ ಬಗ್ಗೆ. ಜೂನ್, ಜುಲೈನಲ್ಲಿ ರಸ್ತೆ ಕುಸಿದು ಬಸ್ ನಿಂತರೆ ಮಾತ್ರೆ ತಪ್ಪುತ್ತದೆ. ಪದೇ ಪದೇ ತಪ್ಪಿದರೆ ವೈರಸ್ ಆ ಔಷಧಿಗೆ ಬಗ್ಗದ ಹಾಗೆ ಬದಲಾಗಬಹುದು. ಆಮೇಲೆ ಬೇರೆ ಔಷಧಿ ಬೇಕಾಗುತ್ತದೆ. ಆರೋಗ್ಯ ಸ್ಥಿರವಾಗಿದ್ದರೆ ಕೆಲವು ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ಪದ್ಧತಿ ಇದೆ. ಮೇ ತಿಂಗಳಲ್ಲೇ ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಕೇಳಿ.

ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಪರೀಕ್ಷೆ ವರ್ಷಕ್ಕೊಮ್ಮೆ ಆಗಲೇಬೇಕು. ವೈರಸ್ ಪತ್ತೆಯೇ ಆಗದಷ್ಟು ಕಡಿಮೆ ಇದ್ದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಹರಡುವುದಿಲ್ಲ. ಈ ಮಾತನ್ನು ಅತ್ತಿಗೆಗೂ ಹೇಳಿ, ಅವರ ಮನಸ್ಸು ಹಗುರವಾಗುತ್ತದೆ.

ಇನ್ನೊಂದು, ಕ್ಷಯ. ಎಚ್‌ಐವಿ ಇರುವವರ ಜೀವ ಜಾಸ್ತಿ ತೆಗೆಯುವುದು ಅದೇ. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಒತ್ತೊತ್ತಾಗಿ ಇರುತ್ತಾರೆ, ಅಲ್ವಾ? ಕೆಮ್ಮು, ಜ್ವರ ಬಂದರೆ ಮಳೆಯ ಶೀತ ಅಂತ ಸುಮ್ನೆ ಕೂರಬೇಡಿ, ಅಂದೇ ತೋರಿಸಿ. ಬಿಪಿ, ಸಕ್ಕರೆ, ಕಿಡ್ನಿಯನ್ನೂ ಆಗಾಗ ನೋಡಿಸುತ್ತಿರಿ. ಬೀಡಿ ಇದ್ದರೆ ಬಿಡಿಸಿ. ತೋಟದಲ್ಲಿ ಯಾರಾದರೂ ಇದೇ ಕಾರಣಕ್ಕೆ ಕೆಲಸ ಬಿಡು ಅಂದರೆ 2017ರ ಎಚ್‌ಐವಿ ಕಾಯ್ದೆ ಅಣ್ಣನ ಪರ ಇದೆ. ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿದರೆ ಉಚಿತವಾಗಿ ಸಲಹೆ ಕೊಡುತ್ತಾರೆ.