ಒಂಟಿ ಮನೆಯ ಅಕ್ಕ-ತಂಗಿ: ಕೊಲೆಯ ಗುಟ್ಟನ್ನು ಎಲ್ಲಿ ಬಿಚ್ಚಬೇಕು?

ಮಲೆನಾಡಿನ ಒಂಟಿ ಮನೆ, ಊರಿನ ಸಂಗ ಬಿಟ್ಟ ಅಕ್ಕ-ತಂಗಿ, ಮನೆಯೊಳಗೆ ನಡೆದ ಹಳೆಯ ಕೊಲೆ, ಕಥೆ ಹೇಳುವವಳು ತಂಗಿ. ಇದು ನಿಮ್ಮ ಕಾದಂಬರಿಯ ಹಂದರ. ಓದಿದ ಸ್ನೇಹಿತರೆಲ್ಲ ಮೂರನೇ ಅಧ್ಯಾಯಕ್ಕೇ ತಂಗಿಯ ಮೇಲೆ ಬೆರಳು ತೋರಿಸಿದರು, ಗುಟ್ಟನ್ನು ಇನ್ನೂ ಚೆನ್ನಾಗಿ ಮುಚ್ಚುವುದು ಹೇಗೆ ಎಂದು ಕೇಳಿದ್ದೀರಿ. ಮುಚ್ಚಲೇಬೇಡಿ. ಈ ಜಾತಿಯ ಕಾದಂಬರಿಯಲ್ಲಿ ಯಾರು ಕೊಂದರು ಎನ್ನುವುದು ದೊಡ್ಡ ಗುಟ್ಟಲ್ಲ. ಅಕ್ಕನಿಗೆ ಅದು ಗೊತ್ತೇ, ಗೊತ್ತಿದ್ದೂ ತಂಗಿಯ ಜೊತೆ ಯಾಕಿದ್ದಾಳೆ ಎನ್ನುವುದು ಗುಟ್ಟು.

ಇದನ್ನು ಕಲಿಯಲು ಅಮೆರಿಕದ ಲೇಖಕಿ ಶರ್ಲಿ ಜಾಕ್ಸನ್ ಅವರ 1962ರ ಕಾದಂಬರಿ ‘ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದ ಕ್ಯಾಸಲ್’ ಒಂದೇ ಸಾಕು. ಮುಂದೆ ಅದರ ಕಥೆಯನ್ನೆಲ್ಲ ಬಿಚ್ಚಿಡುತ್ತೇನೆ, ಓದಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಿ.

ಅಕ್ಕ ಕಾನ್‌ಸ್ಟನ್ಸ್‌ಗೆ 28, ಕಥೆ ಹೇಳುವ ತಂಗಿ ಮೆರಿಕ್ಯಾಟ್‌ಗೆ 18. ಜೊತೆಗೆ ಗಾಲಿಕುರ್ಚಿಯ ಚಿಕ್ಕಪ್ಪ ಜೂಲಿಯನ್. ಆರು ವರ್ಷದ ಹಿಂದೆ ರಾತ್ರಿ ಊಟದಲ್ಲಿ ಸಕ್ಕರೆಗೆ ಇಲಿ ಪಾಷಾಣ (ಆರ್ಸೆನಿಕ್) ಬೆರೆತು, ಅದನ್ನು ಬ್ಲ್ಯಾಕ್‌ಬೆರಿ ಹಣ್ಣಿನ ಮೇಲೆ ಉದುರಿಸಿಕೊಂಡ ಅಪ್ಪ, ಅಮ್ಮ, ತಮ್ಮ, ಚಿಕ್ಕಮ್ಮ ಸತ್ತರು. ಚಿಕ್ಕಪ್ಪ ಸ್ವಲ್ಪವೇ ಸಕ್ಕರೆ ಹಾಕಿಕೊಂಡಿದ್ದರಿಂದ ಬದುಕಿದ. ಅಕ್ಕ ಸಕ್ಕರೆ ಮುಟ್ಟಿರಲಿಲ್ಲ, ಮೇಲಾಗಿ ಪೊಲೀಸರು ಬರುವ ಮೊದಲೇ ಸಕ್ಕರೆ ಬಟ್ಟಲನ್ನು ತೊಳೆದಿಟ್ಟಿದ್ದಳು. ಕೇಳಿದರೆ ಅದರಲ್ಲಿ ಜೇಡ ಇತ್ತು ಎಂದಳು. ಅವಳ ಮೇಲೆ ಮೊಕದ್ದಮೆ ನಡೆದು ಖುಲಾಸೆಯಾಯಿತು.

ಇಷ್ಟನ್ನೂ ಜಾಕ್ಸನ್ ಎರಡನೇ ಅಧ್ಯಾಯದಲ್ಲೇ ಹೇಳಿ ಮುಗಿಸುತ್ತಾರೆ. ಪುಸ್ತಕದಲ್ಲಿರುವುದು ಹತ್ತು ಅಧ್ಯಾಯ. ಹೇಳಿಸುವ ಬಗೆ ನೋಡಿ: ಚಹಾಕ್ಕೆ ಬಂದ ಕುತೂಹಲದ ಹೆಂಗಸೊಬ್ಬಳ ಮುಂದೆ ಚಿಕ್ಕಪ್ಪ ಹುರುಪಿನಿಂದ ವರ್ಣಿಸುತ್ತಾನೆ. ಹನ್ನೆರಡರ ಹುಡುಗಿಯೊಬ್ಬಳನ್ನು ಅಂದು ಊಟ ಕೊಡದೆ ಮಲಗಲು ಕಳಿಸಿದ್ದರು ಎನ್ನುವ ಸುಳಿವೂ ಅವನ ಬಾಯಿಂದಲೇ ಬರುತ್ತದೆ. ಆದರೆ ಅವಳ ವಿಷಯ ನಮಗೆ ಬೇಡ ಎಂದು ಮಾತನ್ನು ತಳ್ಳಿಬಿಡುತ್ತಾನೆ. ಜಾಣ ಓದುಗನಿಗೆ ಅಲ್ಲೇ ಅನುಮಾನ ಬರುತ್ತದೆ, ಬರಲಿ. ಎಂಟನೇ ಅಧ್ಯಾಯದಲ್ಲಿ ತಂಗಿ ಊರಿನವರ ಊಟಕ್ಕೆಲ್ಲ ಸಾವು ಬೆರೆಸುತ್ತೇನೆ ಎಂದಾಗ ಅಕ್ಕ, ಹಿಂದೆ ಮಾಡಿದ ಹಾಗೆಯೇ, ಎಂದು ಕೇಳುತ್ತಾಳೆ. ಎರಡು ಸಾಲು, ಅಷ್ಟೇ. ತಂಗಿ ಕೊಂದಳು ಎಂಬುದು ಅಲ್ಲಿ ಹೊಸ ಸುದ್ದಿಯಲ್ಲ. ಬಟ್ಟಲು ತೊಳೆದದ್ದು ಯಾಕೆಂದು ತಟ್ಟನೆ ಹೊಳೆಯುವುದು ಹೊಸದು.

ಹಾಗಾಗಿ ನಿಮ್ಮ ಹಸ್ತಪ್ರತಿಯಲ್ಲಿ ಮೊದಲು ಹುಡುಕಬೇಕಾದ್ದು ಈ ಬಟ್ಟಲು. ಅಕ್ಕ ಎಲ್ಲರ ಕಣ್ಣೆದುರು ಮಾಡಿದ, ಮೊದಲು ಅವಳನ್ನೇ ಸಿಕ್ಕಿಸುವ, ಆಮೇಲೆ ತಂಗಿಯನ್ನು ಕಾಪಾಡಲೆಂದು ಮಾಡಿದ್ದು ಎಂದು ತಿಳಿಯುವ ಒಂದು ಕೆಲಸ. ಅದಿಲ್ಲದಿದ್ದರೆ ಯಾವ ಅಧ್ಯಾಯದಲ್ಲಿ ಗುಟ್ಟು ಬಿಚ್ಚಿದರೂ ಸಪ್ಪೆ.

ಎರಡನೆಯದು ತಂಗಿಯ ದನಿ. ಅವಳು ಹೇಳದೆ ಬಿಡಬಹುದು, ಸುಳ್ಳು ಹೇಳಬಾರದು. “ಆ ರಾತ್ರಿಯನ್ನು ನೆನೆಸಿಕೊಳ್ಳಲಾರೆ” ಎಂಬಂಥ ವಾಕ್ಯ ಎಲ್ಲಿದ್ದರೂ ಹೊಡೆದುಹಾಕಿ, ನಿಮ್ಮ ಸ್ನೇಹಿತರು ಅವಳನ್ನು ಹಿಡಿದದ್ದು ಬಹುಶಃ ಅಂಥ ಕಡೆಯೇ. ಮೆರಿಕ್ಯಾಟ್ ಕೊಲೆಯ ಬಗ್ಗೆ ಸುಮ್ಮನಿರುವುದು ಅಳುಕಿನಿಂದಲ್ಲ, ಅವಳಿಗೆ ಬೇರೆ ಕೆಲಸಗಳಿವೆ. ಬೆಳ್ಳಿ ನಾಣ್ಯ ಹೂಳುವುದು, ಮನೆ ಕಾಯಲೆಂದು ಅಪ್ಪನ ಪುಸ್ತಕವನ್ನು ಮರಕ್ಕೆ ಮೊಳೆ ಹೊಡೆದು ನಿಲ್ಲಿಸುವುದು, ಅದು ಕೆಳಗೆ ಬಿದ್ದಿತೆಂದರೆ ಕೇಡು ಬಂತೆಂದು ಲೆಕ್ಕ ಹಾಕುವುದು. ನಿಮ್ಮ ಹುಡುಗಿಗೂ ದಿನವಿಡೀ ಮಾಡುವಂಥ ಇಂಥದ್ದೇನಾದರೂ ಕೊಡಿ.

ಬೇರೆ ದಿಕ್ಕಿಗೆ ಎಳೆಯುವ ಸುಳ್ಳು ಸುಳಿವು ಒಂದೇ ಇರಲಿ. ಮೆರಿಕ್ಯಾಟ್ ಅನಾಥಾಲಯದಲ್ಲಿ ಎಂದೋ ಸತ್ತಳು ಎಂದು ಚಿಕ್ಕಪ್ಪ ಒಮ್ಮೆ ಹೇಳುತ್ತಾನೆ. ಅವಳು ದೆವ್ವವೇ ಎಂದು ಓದುಗರು ಇಂದಿಗೂ ವಾದಿಸುತ್ತಾರೆ (ಅಂಗಡಿಯಲ್ಲಿ ದುಡ್ಡು ಕೊಟ್ಟು ಸಾಮಾನು ತರುವ ದೆವ್ವ ಇರಲಾರದು). ನಿಮ್ಮಲ್ಲಿ ಅಟ್ಟದ ಸದ್ದು, ನೆರಳು, ಹಳೆಯ ಪತ್ರ, ಹುಚ್ಚು ಅಜ್ಜಿ ಎಲ್ಲವೂ ಇವೆ. ಮೂರನ್ನು ತೆಗೆಯಿರಿ.

ಏಕಾಂತ ನಂಬುವಂತಾಗಬೇಕಾದರೆ ಸಾಮಾನು ಬರುವ ದಾರಿ ನಿಚ್ಚಳವಾಗಿರಬೇಕು. ಜಾಕ್ಸನ್ ಕಥೆಯಲ್ಲಿ ಮಂಗಳವಾರ, ಶುಕ್ರವಾರ ತಂಗಿ ಮಾತ್ರ ಪೇಟೆಗೆ ಹೋಗುತ್ತಾಳೆ. ಅಕ್ಕ ತೋಟ ದಾಟುವುದಿಲ್ಲ, ನೆಲಮಾಳಿಗೆಯಲ್ಲಿ ಮನೆಯ ಹೆಂಗಸರು ತಲೆಮಾರುಗಳಿಂದ ಕಟ್ಟಿಟ್ಟ ಜಾಡಿಗಳಿವೆ. ಊರಿನವರ ಹಗೆಗೂ ಕೊಲೆಗಿಂತ ಹಳೆಯ ಕಾರಣ ಉಂಟು: ಎಲ್ಲರೂ ಓಡಾಡುತ್ತಿದ್ದ ದಾರಿಗೆ ಅಪ್ಪ ಬೇಲಿ ಹಾಕಿಸಿದ್ದ. ನಿಮ್ಮ ಕಥೆ ಈ ಕಾಲದ್ದಾದರೆ ಗ್ಯಾಸ್ ಸಿಲಿಂಡರ್ ತರುವವನು, ಮೀಟರ್ ರೀಡರ್, ರೇಷನ್‌ಗೆ ಹೆಬ್ಬೆಟ್ಟು ಒತ್ತಬೇಕಾದ ಗಂಡಾಂತರ ಎಲ್ಲಕ್ಕೂ ಉತ್ತರ ಬೇಕು. 1970ರ ದಶಕಕ್ಕೆ ಒಯ್ದರೆ ಬಚಾವು.

ಹೊರಗಿನಿಂದ ಬರುವ ಗಂಡಸಿನ ವಿಷಯದಲ್ಲಿ ಮಾತ್ರ ಜಾಕ್ಸನ್‌ರನ್ನು ಕಣ್ಣುಮುಚ್ಚಿ ಅನುಸರಿಸಬೇಡಿ. ಅಲ್ಲಿ ತಿಜೋರಿಯ ಮೇಲೂ ಕಾನ್‌ಸ್ಟನ್ಸ್ ಮೇಲೂ ಕಣ್ಣಿಟ್ಟು ಬರುವ ಚಾರ್ಲ್ಸ್ ಅಪ್ಪನ ಅಣ್ಣತಮ್ಮಂದಿರಲ್ಲಿ ಒಬ್ಬನ ಮಗ. ನಮ್ಮಲ್ಲಿ ಅವನು ದಾಯಾದಿ, ವರಸೆಯಲ್ಲಿ ಅಣ್ಣ. ಮದುವೆಯ ಭಯ ಬೇಕಾದರೆ ಸೋದರಮಾವನ ಮಗನನ್ನೋ ಸೋದರತ್ತೆಯ ಮಗನನ್ನೋ ಕರೆಸಿ, ಆಸ್ತಿಯ ಭಯವೇ ಸಾಕಾದರೆ ದಾಯಾದಿ ಬರಲಿ. ಇಬ್ಬರೂ ಬಂದರೆ ಮನೆ ತುಂಬಿಹೋಗುತ್ತದೆ.

ದಾಯಾದಿಯನ್ನೇ ಆರಿಸಿಕೊಂಡರೆ ಕಾನೂನು ನಿಮಗೆ ಒಳ್ಳೆಯ ಹತಾರ ಕೊಡುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಂ ಪ್ರಕಾರ ಕೊಂದವರಿಗೆ ಸತ್ತವರ ಆಸ್ತಿ ದಕ್ಕುವುದಿಲ್ಲ. ಕೊಲೆಗೆ ಕುಮ್ಮಕ್ಕು ಕೊಟ್ಟವರಿಗೂ ಇಲ್ಲ. ಜಾಕ್ಸನ್ ಕಥೆಯ ಹಾಗೆ ನಿಮ್ಮಲ್ಲೂ ಅಕ್ಕನಿಗೆ ಖುಲಾಸೆಯಾಗಿದೆ, ತಂಗಿಯ ವಿಚಾರಣೆ ನಡೆದೇ ಇಲ್ಲ ಎಂದಿಟ್ಟುಕೊಳ್ಳಿ. ಆಗ ತಂಗಿಯ ಮೇಲೆ ಎಷ್ಟು ವರ್ಷದ ಮೇಲಾದರೂ ಕೇಸು ಹಾಕಬಹುದು, ದಾಯಾದಿ ಆ ಒಂದು ಎಳೆ ಹಿಡಿದು ಇಬ್ಬರನ್ನೂ ಆಡಿಸಬಹುದು.

ವಿಷ ಯಾವುದೆಂದು ಕೊನೆಯವರೆಗೆ ಗೊತ್ತಾಗಲಿಲ್ಲ ಎಂದು ಬರೆದಿದ್ದೀರಿ, ಅದು ನಿಲ್ಲುವುದಿಲ್ಲ. ಪಾಷಾಣವನ್ನು ಪತ್ತೆ ಹಚ್ಚುವ ಮಾರ್ಷ್ ಪರೀಕ್ಷೆ 1836ರಿಂದಲೇ ಇದೆ, ನಿಮ್ಮ ಕಥೆಯ ಕಾಲಕ್ಕೆ ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ಅಂಗಾಂಶ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿರುತ್ತದೆ. ವಿಷದ ಹೆಸರನ್ನು ಮೊದಲ ಐವತ್ತು ಪುಟದೊಳಗೆ ಹೇಳಿಬಿಡಿ. ಅದು ಯಾವ ತಿನಿಸಿನಲ್ಲಿತ್ತು, ಆ ತಿನಿಸನ್ನು ಅಕ್ಕ ಯಾವತ್ತೂ ತಿನ್ನುವುದಿಲ್ಲ ಎಂಬುದು ತಂಗಿಗೆ ಮೊದಲೇ ಗೊತ್ತಿತ್ತೇ ಎನ್ನುವುದನ್ನು ಮಾತ್ರ ಕೊನೆಗೆ ಉಳಿಸಿಕೊಳ್ಳಿ.