ಪೊಟೊಸಿ ಗಣಿಗೆ ಅನ್ನವಾದ ಆಲೂಗೆಡ್ಡೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮುಂಗಾರಿನಲ್ಲಿ ಆಲೂಗೆಡ್ಡೆ ಬೆಳೆಯುತ್ತೇವೆ. ಕೀಳುವಾಗ ಮಳೆ ಹಿಡಿದರೆ ಹದಿನೈದು ದಿನವೂ ಇಡಲಾಗದು. ದಕ್ಷಿಣ ಅಮೆರಿಕದಲ್ಲಿ ಸ್ಪೇನಿನವರ ಬೆಳ್ಳಿ ಗಣಿಗಳಿಗೆ ವರ್ಷಗಟ್ಟಲೆ ಕೆಡದ ಆಲೂಗೆಡ್ಡೆ ಹೋಗುತ್ತಿತ್ತಂತೆ. ಹೇಗೆ? ಇಲ್ಲಿ ಮಾಡಬಹುದೇ?
(ರೈತರೊಬ್ಬರು, ಶಾಂತಿಗ್ರಾಮ, ಹಾಸನ)

ಉತ್ತರ: ಹೋಗುತ್ತಿದ್ದದ್ದು ನಿಜ. ಅದರ ಹೆಸರು ಚುನ್ಯೊ. ಸ್ಪೇನಿನವರು ಬರುವ ಎಷ್ಟೋ ಶತಮಾನ ಮೊದಲೇ ಆಂಡಿಸ್ ಬೆಟ್ಟಸಾಲಿನ ರೈತರು ಕಂಡುಕೊಂಡಿದ್ದ ವಿದ್ಯೆ ಅದು.

ಅಲ್ಲಿನ ಬಯಲುಗಳು 3,800 ಮೀಟರ್ ಎತ್ತರದಲ್ಲಿವೆ. ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟಷ್ಟು. ಜೂನ್, ಜುಲೈನಲ್ಲಿ ಮಳೆಯಿಲ್ಲ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಚುರುಗುಟ್ಟುವ ಬಿಸಿಲು. ಹುಲ್ಲು ಹಾಸಿದ ಮಟ್ಟಸ ನೆಲದ ಮೇಲೆ ಗೆಡ್ಡೆಗಳನ್ನು ಒಂದರ ಮೇಲೊಂದು ಕೂರದಂತೆ ಹರವುತ್ತಾರೆ. ರಾಶಿಯಾದರೆ ಒಳಗಿನವು ಹೆಪ್ಪುಗಟ್ಟುವುದಿಲ್ಲ, ಕೊಳೆ ಅಲ್ಲಿಂದಲೇ ಶುರು. ಮೂರು ನಾಲ್ಕು ರಾತ್ರಿ ಹೀಗೆ ಬಿಟ್ಟರೆ ಗೆಡ್ಡೆಯೊಳಗಿನ ನೀರು ಮಂಜಾಗಿ ಹಿಗ್ಗಿ ಜೀವಕೋಶಗಳ ಗೋಡೆ ಒಡೆಯುತ್ತದೆ. ಬಿಸಿಲೇರಿದಾಗ ಮುಟ್ಟಿದರೆ ನೆಂದ ಸ್ಪಂಜಿನ ಹಾಗೆ, ಬೆರಳೊತ್ತಿದಲ್ಲಿ ನೀರು ಜಿನುಗುತ್ತದೆ. ಆಗ ಸಣ್ಣ ಸಣ್ಣ ಗುಡ್ಡೆ ಮಾಡಿ ಬರಿಗಾಲಲ್ಲಿ ತುಳಿಯುತ್ತಾರೆ. ನೀರು ಹೋಗುತ್ತದೆ, ಸಿಪ್ಪೆ ಸುಲಿಯುತ್ತದೆ. ಮತ್ತೆ ಹರವಿ ಹತ್ತು ಹದಿನೈದು ದಿನ ಒಣಗಿಸಿದರೆ ಹಗುರವಾದ, ಬೆಣಚುಕಲ್ಲಿನಂಥ ಕಪ್ಪು ಚುನ್ಯೊ ಸಿದ್ಧ. ಐದು ಕಿಲೊ ಹಸಿ ಗೆಡ್ಡೆಗೆ ಹೆಚ್ಚುಕಡಿಮೆ ಒಂದು ಕಿಲೊ. ಬಿಳಿ ಬಗೆ ಬೇಕಾದರೆ ಒಣಗಿಸುವ ಮೊದಲು ಎರಡು ಮೂರು ವಾರ ಹರಿಯುವ ನೀರಿನಲ್ಲಿ ಬಿಡಬೇಕು. ಚಳಿಗೆ ಜಗ್ಗದ ತಳಿಗಳಲ್ಲಿ ಕಹಿ ವಿಷ ಹೆಚ್ಚು, ಅದು ನೀರಿನೊಂದಿಗೆ ಇಳಿದುಹೋಗುತ್ತದೆ. ಅಡುಗೆಗೆ ಮುನ್ನ ರಾತ್ರಿಯಿಡೀ ನೆನೆಹಾಕಬೇಕು.

1545ರಲ್ಲಿ ಇಂದಿನ ಬೊಲಿವಿಯಾದ ಪೊಟೊಸಿ ಬೆಟ್ಟದಲ್ಲಿ ಬೆಳ್ಳಿ ಸಿಕ್ಕಿತು. 4,000 ಮೀಟರ್ ಎತ್ತರದ ಆ ಬೋಳುನೆಲದ ಊರಿಗೆ ಊಟ ಕೆಳಗಿನಿಂದ ಲಾಮಾಗಳ (ಒಂಟೆಯ ಜಾತಿಯ ಹೊರೆಪ್ರಾಣಿ) ಬೆನ್ನ ಮೇಲೆ ಬರಬೇಕಿತ್ತು. ಚುನ್ಯೊ ಒಯ್ದು ಮಾರಿಯೇ ಸಿರಿವಂತರಾಗಿ ಸ್ಪೇನಿಗೆ ಮರಳಿದವರಿದ್ದರು ಎಂದು ಸ್ಪೇನಿನ ಚರಿತ್ರೆಕಾರ ಪೆಡ್ರೊ ಸಿಯೆಸ ದೆ ಲಿಯೋನ್ 1553ರಲ್ಲೇ ದಾಖಲಿಸಿದ್ದಾನೆ. 1573ರಲ್ಲಿ ಸ್ಪೇನ್ ದೊರೆಯ ಪರವಾಗಿ ಆಳುತ್ತಿದ್ದ ವೈಸ್‌ರಾಯ್ ಟೊಲೆಡೊ, ಹಿಂದೆ ಆಂಡಿಸ್ ಆಳಿದ ಇಂಕಾ ದೊರೆಗಳ ಕಾಲದ ಸರದಿ ದುಡಿಮೆ ‘ಮಿತ’ವನ್ನೇ ತಿರುಚಿ, ವರ್ಷಕ್ಕೆ ಸುಮಾರು 13,000 ಗಂಡಾಳುಗಳನ್ನು ಗಣಿಗೆ ಎಳೆಸಿದ. ಕೂಲಿ ಹೊಟ್ಟೆಗೆ ಸಾಲದೆ ಅವರು ಹೆಂಡತಿ ಮಕ್ಕಳ ಜತೆ ಮನೆಯ ಚುನ್ಯೊವನ್ನೂ ಹೊತ್ತು ನಡೆದರು. ಬೆಳ್ಳಿಯ ಲೆಕ್ಕ ಹೇಳುವವರು ಈ ಮೂಟೆಗಳ ಲೆಕ್ಕ ಬಿಟ್ಟುಬಿಡುತ್ತಾರೆ, ಅದು ಅನ್ಯಾಯ.

ಹಾಸನದಲ್ಲಿ ಚುನ್ಯೊ ಆಗದು. ನಮ್ಮಲ್ಲಿ ಹೆಪ್ಪುಗಟ್ಟುವ ಚಳಿಯಿಲ್ಲ. ಫ್ರೀಜರ್‌ನಲ್ಲಿಟ್ಟು ತೆಗೆದರೂ ಮಳೆಗಾಲದ ತೇವದ ಗಾಳಿಗೆ ಒಣಗುವ ಮೊದಲೇ ಹುಳಿ ಹಿಡಿಯುತ್ತದೆ. ಕೀಳುವ ಹತ್ತು ದಿನ ಮೊದಲೇ ಗಿಡ ಕೊಯ್ದುಬಿಡಿ, ಸಿಪ್ಪೆ ಬಲಿಯುತ್ತದೆ. ಗೆಡ್ಡೆ ತೊಳೆಯಬೇಡಿ, ಗುದ್ದಲಿ ಏಟು ಬಿದ್ದದ್ದನ್ನು, ಅಂಗಮಾರಿ ತಗುಲಿದ್ದನ್ನು ಆರಿಸಿ ತೆಗೆದು, ಉಳಿದದ್ದನ್ನು ಗಾಳಿಯಾಡುವ ಕತ್ತಲ ಕೋಣೆಯಲ್ಲಿ ತೆಳುವಾಗಿ ಹರವಿ.

ಪ್ರಶ್ನೆ: ಸ್ಪೇನಿನ ಬರೀ 168 ಜನ ಇಂಕಾ ಸಾಮ್ರಾಜ್ಯ ಗೆದ್ದದ್ದು ಹೇಗೆ?
(ಪದವಿ ವಿದ್ಯಾರ್ಥಿನಿ, ಚಿಕ್ಕಮಗಳೂರು)

ಉತ್ತರ: 168 ಜನ ಗೆದ್ದದ್ದು ಸಾಮ್ರಾಜ್ಯವನ್ನಲ್ಲ. 1532ರ ನವೆಂಬರ್ 16ರಂದು ಇಂದಿನ ಪೆರುವಿನ ಕಹಮಾರ್ಕ ಊರಿನ ಚೌಕದಲ್ಲಿ ಆ ಜನರ ನಾಯಕ ಪಿಸಾರೊ ಸೆರೆಹಿಡಿದದ್ದು ಅತಹುಆಲ್ಪ ಎಂಬ ಒಬ್ಬ ದೊರೆಯನ್ನು. ಅಣ್ಣ ತಮ್ಮಂದಿರ ಕಾಳಗದಲ್ಲಿ ನಾಡು ಆಗಲೇ ಒಡೆದಿತ್ತು. ಬಿಡುಗಡೆಗೆಂದು ತೆತ್ತ ಒತ್ತೆಹಣ ಕರಗಿಸಿದಾಗ ಬಂಗಾರವೇ ಸುಮಾರು 6 ಟನ್ ಆಯಿತು. ಆದರೂ 1533ರ ಜುಲೈನಲ್ಲಿ ಅವನನ್ನು ಕೊಂದರು. ಆಮೇಲಿನ ಯುದ್ಧದ ಭಾರ ಹೊತ್ತವರು ಇಂಕಾಗಳ ಮೇಲೆ ಸಿಟ್ಟಿದ್ದ ಕನ್ಯಾರಿ, ಹುಆಂಕಾ ಜನ. ಹುಆಂಕಾ ನಾಯಕರು ಸ್ಪೇನಿನವರಿಗೆ ಕೊಟ್ಟ ಮುಸುಕಿನ ಜೋಳ, ಆಲೂಗೆಡ್ಡೆ, ಲಾಮಾ, ಹೊರೆಯಾಳುಗಳನ್ನೆಲ್ಲ ‘ಕಿಪು’ ಎಂಬ ಗಂಟುದಾರಗಳಲ್ಲಿ ಲೆಕ್ಕವಿಟ್ಟಿದ್ದರು. 1561ರಲ್ಲಿ ಆ ದಾರಗಳನ್ನೇ ಲಿಮಾದ ನ್ಯಾಯಾಲಯದ ಮುಂದೆ ಓದಿ ಹೇಳಿದರು. ಆ ಗಂಟುಗಳಲ್ಲಿ ನಿಮ್ಮ ಪ್ರಶ್ನೆಗೆ ಉತ್ತರವಿದೆ.

ಪ್ರಶ್ನೆ: ಮಂಗಳೂರಿನ ನೆಂಟರು ಬಟಾಟೆ ಅನ್ನುತ್ತಾರೆ, ನಮ್ಮಜ್ಜಿ ಉರುಳಗೆಡ್ಡೆ ಅನ್ನುತ್ತಿದ್ದರು. ಬಟಾಟೆ ಎಲ್ಲಿಯ ಮಾತು?
(ಗೃಹಿಣಿ, ಮೂಡಿಗೆರೆ)

ಉತ್ತರ: ಕೊಲಂಬಸ್ ಇಳಿದ ಕೆರಿಬಿಯನ್ ದ್ವೀಪಗಳ ಟೈನೊ ಜನರ ಮಾತು. ಅವರ ‘ಬಟಾಟ’ ನಮ್ಮ ಗೆಣಸು. ಆಂಡಿಸ್‌ನವರು ಆಲೂಗೆಡ್ಡೆಯನ್ನು ಕರೆಯುತ್ತಿದ್ದದ್ದು ‘ಪಾಪ’ ಎಂದು. ಯುರೋಪಿಗೆ ಬಂದಮೇಲೆ ಎರಡೂ ಕಲಸಿಹೋದವು. ಪೋರ್ಚುಗೀಸರು ಗೆಣಸಿನ ಹೆಸರನ್ನೇ ಆಲೂಗೆಡ್ಡೆಗೂ ಇಟ್ಟು ನಮ್ಮ ಕರಾವಳಿಗೆ ತಂದರು. ಪೆರುವಿನ ಸಂತೆಯಲ್ಲಿ ಇಂದಿಗೂ ‘ಪಾಪ’ ಎಂದೇ ಕೇಳಬೇಕು.