ಸಂಪಾದಕರ ಉತ್ತರ: ವಿಯೊನೆಯ ಓರೆ ಕಟಿಂಗ್ ಮತ್ತು ಜೋತುಬೀಳುವ ಲಂಗ

ಫ್ರೆಂಚ್ ಉಡುಪು ವಿನ್ಯಾಸಕಿ ಮಡ್ಲೆನ್ ವಿಯೊನೆ ಕುರಿತು ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಓರೆ ಕಟಿಂಗ್, ಅಂದರೆ ಬಟ್ಟೆಯನ್ನು ಎಳೆಗಳಿಗೆ ಓರೆಯಾಗಿ ಕತ್ತರಿಸುವುದನ್ನು, ಕಂಡುಹಿಡಿದವರು ಅವರೇನಾ? ಅದೇ ರೀತಿ ನೀವು ಹೊಲಿದ ಕ್ರೇಪ್ ಲಂಗದ ಅಂಚು ನಡುವೆ ಜೋತುಬಿದ್ದು, ಪಕ್ಕದ ಹೊಲಿಗೆ ತಿರುಚಿಕೊಂಡದ್ದೇಕೆ?

ಕಂಡುಹಿಡಿದವರು ಅವರಲ್ಲ. ಕಾಲರಿಗೆ, ಅಂಚುಪಟ್ಟಿಗೆ ಬಟ್ಟೆಯನ್ನು ಓರೆಯಾಗಿ ಕತ್ತರಿಸುವ ರೂಢಿ ಮೊದಲೇ ಇತ್ತು. ಇಡೀ ಉಡುಪನ್ನೇ ಓರೆಯಾಗಿ ಕಟ್ಟಬಹುದೆಂದು ತೋರಿಸಿದ್ದು ವಿಯೊನೆ. 1876ರಲ್ಲಿ ಹುಟ್ಟಿದ ಅವರು ಪ್ಯಾರಿಸ್‌ನ ಕ್ಯಾಲೊ ಸಹೋದರಿಯರ ಉಡುಪು ಮಳಿಗೆಯಲ್ಲಿ, ಬಳಿಕ ಡೂಸೆ ಎಂಬ ಉಡುಪು ಸಂಸ್ಥೆಯಲ್ಲಿ ದುಡಿದು, 1912ರಲ್ಲಿ ಸ್ವಂತ ಮಳಿಗೆ ತೆರೆದರು. ಮೊದಲ ಮಹಾಯುದ್ಧದಿಂದ ಅದು ಮುಚ್ಚಿತು; ಮತ್ತೆ ತೆರೆದು 1923ರಲ್ಲಿ ಪ್ಯಾರಿಸ್‌ನ ಅವೆನ್ಯೂ ಮೋಂತೇನ್ ಬೀದಿಗೆ ಸ್ಥಳಾಂತರವಾಯಿತು. ಅವರು ಕಾಗದದ ಮೇಲೆ ಚಿತ್ರ ಬರೆಯುವ ಬದಲು ಸಣ್ಣ ಮರದ ಗೊಂಬೆಗೆ ಬಟ್ಟೆ ಸುತ್ತಿ ವಿನ್ಯಾಸ ಹುಡುಕುತ್ತಿದ್ದರು. ಅವರ ಶೈಲಿ ಬೆಳೆದ ದಾರಿಯೆಲ್ಲ ಈ ಅಭ್ಯಾಸದಿಂದಲೇ ಬಂದದ್ದು ಎಂದು ನಮ್ಮ ನಂಬಿಕೆ. ಬಟ್ಟೆ ಬೀಳುವ ಬಗೆಯನ್ನು ಚಿತ್ರ ಹೇಳುವುದಿಲ್ಲ, ಗೊಂಬೆ ಹೇಳುತ್ತದೆ. 1920ರ ದಶಕದ ಆರಂಭದಲ್ಲಿ ಚೌಕ, ಕಾಲುವೃತ್ತದಂಥ ಸರಳ ತುಂಡುಗಳ ಉಡುಪುಗಳು ಬಂದವು. ನಾಲ್ಕು ಚೌಕಗಳ ಒಂದು ಉಡುಪು ಇಂದಿಗೂ ಪ್ರಸಿದ್ಧ. 30ರ ದಶಕದಲ್ಲಿ ಗ್ರೀಕ್ ಶಿಲ್ಪಗಳ ನೆರಿಗೆಗಳನ್ನು ನೆನಪಿಸುವ ಉದ್ದ ಸಂಜೆಯುಡುಪುಗಳತ್ತ ವಾಲಿದರು. 1939ರಲ್ಲಿ ಮಳಿಗೆ ಮುಚ್ಚಿತು.

ಇನ್ನು ನಿಮ್ಮ ಲಂಗ. ಹಾಸು (ಉದ್ದದ) ಮತ್ತು ಹೊಕ್ಕು (ಅಡ್ಡದ) ಎಳೆಗಳು ನೇರ ನಿಂತಾಗ ಬಟ್ಟೆ ಹೆಚ್ಚು ಹಿಗ್ಗದು. 45 ಡಿಗ್ರಿ ತಿರುಗಿಸಿದರೆ ಎಳೆಗಳ ನಡುವಿನ ಚೌಕಗಳು ಭಾರಕ್ಕೆ ವಜ್ರಾಕೃತಿಯಾಗಿ ಬಾಗುತ್ತವೆ. ಆಗ ಬಟ್ಟೆ ಉದ್ದವಾಗುತ್ತದೆ, ಅಗಲ ಕುಗ್ಗಿ ಮೈಗೆ ಅಂಟುತ್ತದೆ. ಲಂಗದ ನಡುಭಾಗ ಪೂರ್ತಿ ಓರೆಯಲ್ಲಿದೆ, ಹರಡಿದ ಪಕ್ಕಗಳು ನೇರ ಎಳೆಗೆ ಹತ್ತಿರ. ಹಾಗಾಗಿ ನಡುವೆ ಮಾತ್ರ ಜೋತುಬಿತ್ತು. ತಿರುಚಿದ್ದಕ್ಕೆ ಕಾರಣ ಬಹುಶಃ ಮುಂದಿನ, ಹಿಂದಿನ ಎರಡೂ ಭಾಗಗಳನ್ನು ಒಂದೇ ದಿಕ್ಕಿನ ಓರೆಯಲ್ಲಿ ಕತ್ತರಿಸಿದ್ದು: ಹಾಸು ಮತ್ತು ಹೊಕ್ಕು ಸಾಮಾನ್ಯವಾಗಿ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಪಕ್ಕದ ಜೋಡಣೆಯಲ್ಲಿ ಎರಡು ಕಡೆಯ ಹಾಸು ಎಳೆಗಳು ಕನ್ನಡಿಯ ಪ್ರತಿಬಿಂಬದಂತೆ ಎದುರುಬದುರು ಬರಬೇಕು.

ಮುಂದಿನ ಸಲ ಬಟ್ಟೆಯನ್ನು ಮಡಚದೆ ಒಂದೇ ಪದರದಲ್ಲಿ ಹಾಸಿ ಕತ್ತರಿಸಿ. ಮಡಚಿದರೆ ಕೆಳಪದರ ಜಾರಿ ಕೋನ ತಪ್ಪುತ್ತದೆ. ಗುಂಡುಸೂಜಿಗಿಂತ ಭಾರದ ವಸ್ತುಗಳಿಂದ ಮಾದರಿ ಕಾಗದ ಒತ್ತಿಹಿಡಿಯುವುದು ಮೇಲು. ಜೋಡಣೆಗೆ 2.5 ಸೆಂಟಿಮೀಟರ್ ಹೆಚ್ಚುವರಿ ಬಿಡಿ, ಏಕೆಂದರೆ ಅಗಲ ಕುಗ್ಗುತ್ತದೆ. ಕಚ್ಚಾ ಹೊಲಿಗೆ ಹಾಕಿ ಸೊಂಟದಿಂದ ಕನಿಷ್ಠ 24 ಗಂಟೆ ತೂಗುಹಾಕಿ. ಭಾರದ ಕ್ರೇಪ್‌ಗೆ 48 ಬೇಕು. ಪಕ್ಕದ ಹೊಲಿಗೆಗೆ ಅರ್ಧ ಮಿಲಿಮೀಟರ್ ಅಗಲದ ಸಣ್ಣ ಜಿಗ್‌ಜಾಗ್ ಹಾಕಿ. ನೇರ ಹೊಲಿಗೆ ಬಟ್ಟೆಯೊಡನೆ ಹಿಗ್ಗದೆ ಸುಕ್ಕುಗಟ್ಟುತ್ತದೆ, ಕೊನೆಗೆ ದಾರ ಕಡಿಯುತ್ತದೆ. ಇಸ್ತ್ರಿಯನ್ನು ಎಳೆಯಬೇಡಿ, ಎತ್ತಿ ಇಟ್ಟು ಒತ್ತಿ. ಅಂಚನ್ನು ಕೊನೆಯಲ್ಲಿ, ಲಂಗ ಉಟ್ಟು ನಿಂತಾಗ, ನೆಲದಿಂದ ಅಳೆದು ಗುರುತು ಹಾಕಿಸಿಕೊಂಡೇ ಕತ್ತರಿಸಿ.

ಈಗಿನ ಲಂಗದ ಜೋತ ಅಂಚನ್ನು ಹೀಗೇ ಸರಿಮಾಡಬಹುದು. ತಿರುಚಿದ ಪಕ್ಕ ಮಾತ್ರ ಬಿಚ್ಚಿ ಹೊಲಿದರೂ ನೇರವಾಗದು. ಒಂದು ಭಾಗವನ್ನು ಹೊಸದಾಗಿ ಕತ್ತರಿಸಲೇಬೇಕು.